ಬ್ಯಾನಿ ಕರುಳಿಂದು, ಗುಳ್ಳಿ ಮೈಮ್ಯಾಲ

ಇಂಡಿ ಕಡೆಯ ಓದುಗರೊಬ್ಬರ ಪ್ರಶ್ನೆ: ಅಲ್ಸರೇಟಿವ್ ಕೊಲೈಟಿಸ್‌ಗೆ ಗುಳಿಗೆ ಶುರುಮಾಡಿದ ಎರಡನೇ ವಾರಕ್ಕೆ ಅವರ ತಮ್ಮನ ಎದೆ, ಬೆನ್ನು ಕೆಂಪಾಗಿ ತುರಿಸತೊಡಗಿತು. ಮನೆಯವರು ‘ಗುಳಿಗಿ ಹೀಟ್ ಆಗೇದ, ಮಜ್ಜಿಗಿ ಕುಡಿ’ ಅಂದರಂತೆ. ಗುಳಿಗೆಯ ಹೆಸರು ಸಲ್ಫಾಸಲಜೀನ್.

ಮಜ್ಜಿಗೆಯಿಂದ ಇದು ಇಳಿಯುವುದಿಲ್ಲ. ಇದರ ಬೇರು ಇರುವುದು ಸ್ವೀಡನ್ನಿನಲ್ಲಿ. ಅಲ್ಲಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಅವರಿಗೆ ಸಂಧಿವಾತ ಸೋಂಕಿನಿಂದ ಬರುತ್ತದೆಂಬ ಗುಮಾನಿಯಿತ್ತು. ಸೋಂಕಿಗೆ ಸಲ್ಫಾ, ಬಾವಿಗೆ ಸ್ಯಾಲಿಸಿಲೇಟ್ ಎಂದು ಎರಡನ್ನೂ ಬೆಸೆದ ಮದ್ದನ್ನು, ಅಂದರೆ ಇದೇ ಸಲ್ಫಾಸಲಜೀನನ್ನು, ಫಾರ್ಮೇಸಿಯಾ ಕಂಪನಿಯಿಂದ ಮಾಡಿಸಿದರು. ಗುಮಾನಿ ಸುಳ್ಳಾಯಿತು, ಮದ್ದು ಮಾತ್ರ ಕರುಳಿನ ಹುಣ್ಣಿಗೆ ಚೆನ್ನಾಗಿ ನಾಟಿತು. 1942ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಒಂದೇ ನೊಗದ ಎರಡೆತ್ತು ಅಂದುಕೊಳ್ಳಿ. ದೊಡ್ಡ ಕರುಳು ಮುಟ್ಟುವ ತನಕ ಜೋಡಿ ಬಹುಪಾಲು ಅಗಲುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾಗಳು ನೊಗ ಇಳಿಸುತ್ತವೆ. ಸ್ಯಾಲಿಸಿಲೇಟ್ ಎತ್ತು ಅಲ್ಲೇ ನಿಂತು ದುಡಿಯುತ್ತದೆ. ಸಲ್ಫಾ ಎತ್ತು ಬೇಲಿ ಹಾರಿ ರಕ್ತಕ್ಕಿಳಿದು, ಮೈಯೆಲ್ಲ ತಿರುಗಿ, ಕೆಲವರಲ್ಲಿ ಕಂಡಕಂಡಲ್ಲಿ ಹಾಯುತ್ತದೆ. ದುಡಿಯುವ ಎತ್ತು ಯಾವುದೆಂದು ತಿಳಿಯಲು 1977 ಬರಬೇಕಾಯಿತು. ಆಗ ಆಕ್ಸ್‌ಫರ್ಡ್‌ನಲ್ಲಿದ್ದ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್ ಮತ್ತು ಜೊತೆಗಾರರು ಇಡೀ ಮದ್ದನ್ನೂ ಅದರ ಎರಡು ತುಂಡುಗಳನ್ನೂ ಬೇರೆಬೇರೆ ರೋಗಿಗಳಿಗೆ ಎನಿಮಾದಲ್ಲಿ ಕೊಟ್ಟು ನೋಡಿದರು. ಸಲ್ಫಾ ಒಂದೇ ಸಿಕ್ಕವರಿಗೆ ಹೇಳಿಕೊಳ್ಳುವಂಥ ಗುಣವಾಗಲಿಲ್ಲ. ಎಷ್ಟು ಸರಳ ಪ್ರಯೋಗ! 35 ವರ್ಷ ಯಾರೂ ಮಾಡಿರಲಿಲ್ಲ. ಸಲ್ಫಾ ಇಲ್ಲದ ಮೆಸಲಮೈನ್ ಗುಳಿಗೆಗಳು ಬಂದದ್ದು ಈ ದಾರಿಯಲ್ಲೇ. ಓದುಗರ ತಮ್ಮ ವೈದ್ಯರನ್ನು ಕೇಳಬೇಕಾದದ್ದು ಇದನ್ನೇ. ಆದರೆ ಕೆಂಪಿನ ಜೊತೆ ಜ್ವರ, ಮುಖದ ಬಾವು, ಬಾಯಿ-ಕಣ್ಣಿನಲ್ಲಿ ಹುಣ್ಣು, ಸುಲಿಯುವ ಚರ್ಮ ಕಂಡರೆ ಕೇಳುತ್ತ ಕೂರಬಾರದು. ಗುಳಿಗೆ ನಿಲ್ಲಿಸಿ ಅದೇ ದಿನ ವಿಜಯಪುರದ ದೊಡ್ಡಾಸ್ಪತ್ರೆಗೆ ಹೋಗಬೇಕು.

‘ಗುರಿಯಿಟ್ಟು ಹೊಡೆಯುವ’ ಹೊಸ ಇಂಜೆಕ್ಷನ್‌ಗಳ ಹೊಗಳಿಕೆಯನ್ನೂ ನಾನು ಅರ್ಧ ಕಿವಿಯಲ್ಲೇ ಕೇಳುತ್ತೇನೆ. ಅವುಗಳಲ್ಲೊಂದಾದ ಇನ್‌ಫ್ಲಿಕ್ಸಿಮಾಬ್ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೂ ಮದ್ದು. ಅದನ್ನೇ ಕರುಳಿನ ಕಾಯಿಲೆಗೆ ಪಡೆದ ಕೆಲವರಿಗೆ ಅಂಗೈ, ಅಂಗಾಲು, ನೆತ್ತಿಯಲ್ಲಿ ಹೊಸದಾಗಿ ಸೋರಿಯಾಸಿಸ್ ಏಳುತ್ತದೆ! ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ಅಡಗಿಸಿದಾಗ, ಅದರ ಹಿಡಿತದಲ್ಲಿದ್ದ ಇಂಟರ್‌ಫೆರಾನ್ ತಲೆಯೆತ್ತುತ್ತದೆ ಎಂಬುದು ಸದ್ಯದ ವಿವರಣೆ.

ಎಲ್ಲ ತಪ್ಪನ್ನೂ ಮದ್ದಿನ ತಲೆಗೆ ಕಟ್ಟುವಂತೆಯೂ ಇಲ್ಲ. ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಬಂದರೆ ಅದು ಹೆಚ್ಚಾಗಿ ಕರುಳಿನ ಕಾಯಿಲೆಯೇ ಕೆರಳಿದ ಗುರುತು. ಅಂಥವರು ಹೆದರಿ ಗುಳಿಗೆ ಬಿಟ್ಟರೆ ಎರಡೂ ಜೋರಾಗುತ್ತವೆ. ಇನ್ನು ಭೇದಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿಯಿದೆ. ಅದು ಒಗ್ಗದವರಿಗೆ ಪ್ರತಿಸಲವೂ ತುಟಿಯ ಮೇಲೋ ಗುಪ್ತಾಂಗದ ಮೇಲೋ ಅದೇ ಜಾಗದಲ್ಲಿ ಕಪ್ಪು ಕಲೆ ಏಳುತ್ತದೆ. ಹಿಂದಿನ ಸಲದ ನೆನಪಿಟ್ಟುಕೊಂಡ ರೋಗನಿರೋಧಕ ಕೋಶಗಳು ಆ ಚರ್ಮದಲ್ಲೇ ಠಿಕಾಣಿ ಹೂಡಿರುತ್ತವೆ. ಫ್ರಾನ್ಸಿನ ಲೂಯಿ ಬ್ರೋಕ್ 1894ರಲ್ಲೇ ಬೇರೊಂದು ಮದ್ದಿನಲ್ಲಿ ಈ ಆಟವನ್ನು ಗುರುತಿಸಿದ್ದ.

ನಮ್ಮ ಸೀಮೆಯಲ್ಲಿ ಇದಕ್ಕೆಲ್ಲ ಬಿಸಿಲೂ ಸೇರುತ್ತದೆ. ಕೊಲೈಟಿಸ್, ಕ್ರೋನ್ಸ್ ಎಂಬ ಎರಡೂ ಕರುಳಿನ ಕಾಯಿಲೆಗಳಿಗೆ ಕೊಡುವ ಅಜಥಯೋಪ್ರಿನ್, ಬಿಸಿಲಿನ ನೇರಳಾತೀತ ಕಿರಣಕ್ಕೆ ಚರ್ಮವನ್ನು ಸೂಕ್ಷ್ಮವಾಗಿಸುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಮೇಲಿಷ್ಟು ಲಿಂಬೆ ತೋಟ. ಲಿಂಬೆ ಸಿಪ್ಪೆಯ ಫ್ಯುರಾನೊಕೌಮರಿನ್‌ಗಳು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ, ಗುಳಿಗೆ ನುಂಗದವರಿಗೂ ಒಂದೆರಡು ದಿನದಲ್ಲಿ ಬೊಬ್ಬೆ ಬಂದು, ಆಮೇಲೆ ವಾರಗಟ್ಟಲೆ ಕಂದು ಗೆರೆ ಉಳಿಯಬಹುದು. ರಸ ಹರಿದ ಜಾಡಿನಲ್ಲೇ ಗೆರೆಯಿದ್ದರೆ ಗುಮಾನಿ ಲಿಂಬೆಯ ಮೇಲೆ. ಎದೆ-ಬೆನ್ನಿನ ಎರಡೂ ಬದಿಗೆ ಸಮನಾಗಿ ಹರಡಿದ್ದರೆ ಗುಳಿಗೆಯ ಮೇಲೆ. ಕರುಳಿನ ಮದ್ದು ನುಂಗುತ್ತ ಲಿಂಬೆ ಹರಿಯುವವರು ತುಂಬುತೋಳಿನ ಅಂಗಿ ತೊಟ್ಟು, ಕೆಲಸ ಮುಗಿದೊಡನೆ ಸೋಪಿನಿಂದ ಕೈ ತೊಳೆಯಬೇಕು. ವೈದ್ಯರ ಹತ್ತಿರ ಹೋಗುವಾಗ ನುಂಗಿದ ಎಲ್ಲ ಗುಳಿಗೆಗಳ ಪಟ್ಟಿ, ನಾಟಿ ಔಷಧವಿದ್ದರೆ ಅದನ್ನೂ ಒಯ್ಯಿರಿ. ತೋಟದ ಕೆಲಸ ಮಾಡಿದ್ದನ್ನೂ ಹೇಳಿರಿ.