ಒಂದು ನಗರ, ಎರಡು ಹೆಸರು

ಮಕ್ಕಳೇ, ನಮ್ಮ ರಾಜ್ಯದ ರಾಜಧಾನಿ ಯಾವುದೆಂದರೆ ನೀವು ಚೆನ್ನೈ ಎನ್ನುವಿರಿ. ಮನೆಯ ಹಿರಿಯರನ್ನು ಕೇಳಿ ನೋಡಿ. ಹಲವರು ಮದರಾಸು ಎಂದಾರು. ಒಂದೇ ನಗರಕ್ಕೆ ಎರಡು ಹೆಸರು ಬಂದುದು ಹೇಗೆ?

1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಕೋರಮಂಡಲ ತೀರದಲ್ಲಿ ವ್ಯಾಪಾರಕ್ಕೆ ತಕ್ಕ ಸ್ಥಳವನ್ನು ಹುಡುಕುತ್ತಿದ್ದನು. ವಿಜಯನಗರದ ಅರಸರಿಗೆ ಅಧೀನನಾಗಿದ್ದ ದಾಮರ್ಲ ವೆಂಕಟಾದ್ರಿ ನಾಯಕನು ಕಂಪನಿಗೆ ನೆಲ ಕೊಟ್ಟನು. ಆ ಸನ್ನದಿನಲ್ಲೇ ಮದರಾಸಪಟ್ಟಣದ ಹೆಸರಿದೆ. ಮರುವರ್ಷ ಅಲ್ಲಿ ಸೇಂಟ್ ಜಾರ್ಜ್ ಕೋಟೆಯ ಕೆಲಸ ಮೊದಲಾಯಿತು. ಕೋಟೆಯ ಬಳಿ ನೇಕಾರರೂ ವರ್ತಕರೂ ಬಂದು ನೆಲೆಸಿದರು. ಅವರ ಪೇಟೆ ಚೆನ್ನಪಟ್ಟಣವೆನಿಸಿತು. ವೆಂಕಟಾದ್ರಿಯ ತಂದೆ ಚೆನ್ನಪ್ಪ ನಾಯಕನ ನೆನಪಿಗೆ ಇಟ್ಟ ಹೆಸರು ಅದೆನ್ನುತ್ತಾರೆ.

ಊರುಗಳು ಬೆಳೆದು ಒಂದಾದವು. ಇಂಗ್ಲಿಷರ ಕಡತಗಳಲ್ಲಿ ಮದ್ರಾಸ್ ನಿಂತಿತು. ತಮಿಳರ ಮಾತಿನಲ್ಲಿ ಚೆನ್ನೈ ಉಳಿಯಿತು. 1996ರಲ್ಲಿ ಸರ್ಕಾರವು ಚೆನ್ನೈ ಎಂಬುದನ್ನೇ ಅಧಿಕೃತಗೊಳಿಸಿತು. ಆದರೂ 1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವೂ ಅಲ್ಲಿಯ ಉಚ್ಚ ನ್ಯಾಯಾಲಯವೂ ಮದ್ರಾಸ್ ಹೆಸರನ್ನೇ ಉಳಿಸಿಕೊಂಡಿವೆ.

ಆದ್ದರಿಂದ ಚೆನ್ನೈ ನಮ್ಮದು, ಮದರಾಸು ಪರದೇಶದವರು ಇಟ್ಟ ಹೆಸರು ಎಂದು ಸುಲಭವಾಗಿ ಹೇಳಿಬಿಡಲಾಗದು. ಗಡಿನಾಡಿನ ನಮ್ಮ ಊರುಗಳನ್ನೂ ಮನೆಯಲ್ಲಿ ಒಂದು ಬಗೆಯಾಗಿ, ಕಚೇರಿಯಲ್ಲಿ ಇನ್ನೊಂದು ಬಗೆಯಾಗಿ ಕರೆಯುವುದುಂಟು. ನಿಮ್ಮ ಊರಿನ ಹಳೆಯ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ. ಹೆಸರು ಮರೆತರೆ ಅದರ ಹಿಂದಿನ ಕಥೆಯೂ ಮರೆತುಹೋಗುತ್ತದೆ.