ಪೇಟೆಯ ಖಾಲಿ ನೆಲದಲ್ಲಿ ಹಸಿರು ಮೇವು: ನಾಟಿಗೆ ಮುನ್ನ ವಿಚಾರಿಸಿ



ಹಿರಿಯೂರು ಪೇಟೆಯ ಅಂಚಿನಲ್ಲಿ ಎರಡು ಮೂರು ಹಸು ಕಟ್ಟಿರುವ ಸದಸ್ಯರು ಸಂಘದ ಬಳಿ ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಬಡಾವಣೆಯಲ್ಲಿ ಸೈಟುಗಳು ಖಾಲಿ ಬಿದ್ದಿವೆ. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ಮೇವು ಹಾಕಬಹುದೇ?"

ಹಾಕಬಹುದು. ಆದರೆ ಮೊದಲು ಲೆಕ್ಕ ನೋಡಿ. 30x40 ಅಡಿಯ ಸೈಟು ಎಂದರೆ ಒಂದು ಗುಂಟೆಗಿಂತ ತುಸು ಹೆಚ್ಚು. ಸಾಲಿನಿಂದ ಸಾಲಿಗೆ 3 ಅಡಿ, ಬುಡದಿಂದ ಬುಡಕ್ಕೆ 2 ಅಡಿ ಬಿಟ್ಟರೆ ಹೈಬ್ರಿಡ್ ನೇಪಿಯರ್‌ನ ಸುಮಾರು 200 ತುಂಡುಗಳನ್ನು ನೆಡಬಹುದು. ಮೊದಲ ಕಟಾವು 75 ದಿನಕ್ಕೆ, ನಂತರ ಪ್ರತಿ 45 ದಿನಕ್ಕೊಮ್ಮೆ. ನೀರು ಗೊಬ್ಬರ ಚೆನ್ನಾಗಿದ್ದು ಎಕರೆಗೆ ವರ್ಷಕ್ಕೆ 100 ಟನ್ ಬರುತ್ತದೆಂದು ಇಟ್ಟುಕೊಂಡರೂ ಒಂದು ಸೈಟಿನಿಂದ ದಿನಕ್ಕೆ ಏಳೆಂಟು ಕಿಲೋ ಮಾತ್ರ. ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕಿಲೋ ಹಸಿರು ಬೇಕು. ಎಂದರೆ ಒಂದು ಹಸುವಿಗೆ ಮೂರು ನಾಲ್ಕು ಸೈಟು. ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಈ ಲೆಕ್ಕವೂ ನಿಲ್ಲುವುದಿಲ್ಲ.

ಇನ್ನು ಲೆಕ್ಕಕ್ಕಿಂತ ಮುಖ್ಯವಾದ ವಿಷಯ. ಹೊಲದ ಇತಿಹಾಸ ನಿಮಗೆ ಗೊತ್ತಿರುತ್ತದೆ. ನಿಮ್ಮ ತಂದೆ ರಾಗಿ ಬೆಳೆದಿರುತ್ತಾರೆ. ಸೈಟಿನ ಇತಿಹಾಸ ಗೊತ್ತಿರುವುದಿಲ್ಲ. ಅಲ್ಲಿ ಗುಜರಿ ಅಂಗಡಿ ಇತ್ತೇ, ಬ್ಯಾಟರಿ ರಿಪೇರಿ ಇತ್ತೇ, ಹಳೆ ಮನೆ ಕೆಡವಿದ ಮಣ್ಣು ಸುರಿದಿದ್ದಾರೆಯೇ?

ಅಮೆರಿಕದ ಡೆಟ್ರಾಯಿಟ್ ಎಂಬ ಕಾರು ಕಾರ್ಖಾನೆಗಳ ನಗರದಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು. ಕೆಲಸ ಹೋಯಿತು, ಜನ ಊರು ಬಿಟ್ಟರು. 2020ರ ಗಣತಿಯಲ್ಲಿ ಉಳಿದವರು 6.4 ಲಕ್ಷಕ್ಕೂ ಕಡಿಮೆ. ಮನೆ ಬಿದ್ದು ಬಯಲಾದ ಜಾಗಗಳಲ್ಲಿ ಉಳಿದ ಜನ ತರಕಾರಿ ಬೆಳೆಯತೊಡಗಿದರು. 2013ರಲ್ಲಿ ನಗರಾಡಳಿತ ಇದಕ್ಕೆಂದೇ ನಿಯಮ ಮಾಡಿತು. ಅವರಿಗೆ ಎದುರಾದ ದೊಡ್ಡ ತೊಡಕು ಬೀಜದ್ದಲ್ಲ, ಸೀಸದ್ದು. ಹಳೆ ಮನೆಗಳ ಬಣ್ಣದಿಂದ, ಹಿಂದಿನ ಪೆಟ್ರೋಲಿನ ಹೊಗೆಯಿಂದ ಮಣ್ಣಿಗೆ ಸೇರಿದ ಸೀಸ ಎಷ್ಟು ವರ್ಷವಾದರೂ ಕೊಳೆಯುವುದಿಲ್ಲ. ಆದ್ದರಿಂದ ಅಲ್ಲಿ ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ಇಲ್ಲವೇ ಹೊರಗಿನ ಮಣ್ಣು ತುಂಬಿ ಎತ್ತರದ ಮಡಿ ಮಾಡುತ್ತಾರೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಊರು ಕೆ.ಜಿ.ಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೆಲಸಕ್ಕಾಗಿ ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಖಾಲಿ ನೆಲಕ್ಕೆ ಅಲ್ಲಿ ಕೊರತೆಯಿಲ್ಲ. ಆದರೆ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ಗುಡ್ಡಗಳು ಊರಿನ ಮಗ್ಗುಲಲ್ಲೇ ಇವೆ. ಗಾಳಿಯ ದಿನಗಳಲ್ಲಿ ಆ ಧೂಳು ಮನೆಗಳ ಮೇಲೆ ಬೀಳುತ್ತದೆ. ಎಲೆಯ ಮೇಲೆ ಕುಳಿತ ಧೂಳನ್ನು ಹಸು ಊದಿ ತಿನ್ನುವುದಿಲ್ಲ.

ನಮ್ಮ ಹಿರಿಯೂರು ಬರಿದಾಗುತ್ತಿರುವ ಊರಲ್ಲ, ಗಣಿಯೂ ಇಲ್ಲಿಲ್ಲ. ಆದರೆ ನಾನು ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯೆಯ ಹಸು, ದಿನಕ್ಕೆ 12 ಲೀಟರ್ ಕೊಡುತ್ತಿದ್ದುದು, ಒಂದೇ ದಿನದಲ್ಲಿ ಮೂರು ಲೀಟರಿಗೆ ಇಳಿಯಿತು. ಮೊಣಕೈ ಹೊರಚಾಚಿ ನಿಲ್ಲುತ್ತಿತ್ತು, ಇಳಿಜಾರಿನಲ್ಲಿ ಹೆಜ್ಜೆ ಇಡಲು ಹೆದರುತ್ತಿತ್ತು. ಅಜೀರ್ಣವೆಂದು ಅಕ್ಕಪಕ್ಕದವರು ಕಷಾಯ ಕುಡಿಸಿದ್ದರು. ನಾನೂ ಮೊದಲ ದಿನ ಹಾಗೆಯೇ ಎಣಿಸಿದೆ. ಅದು ನನ್ನ ತಪ್ಪು. ಎದೆಯ ಕೆಳಗೆ ಬಾವು ಇಳಿದ ಮೇಲೆ ತಿಳಿಯಿತು, ಆದರೆ ಹೊತ್ತು ಮೀರಿತ್ತು. ಹಸು ಸತ್ತ ಮೇಲೆ ಕೊಯ್ದು ನೋಡಿದಾಗ ಎರಡಂಗುಲದ ತಂತಿ ಜಾಲಹೊಟ್ಟೆಯನ್ನು ತೂರಿ ಹೃದಯದ ಚೀಲಕ್ಕೆ ಚುಚ್ಚಿತ್ತು. ಮೇವು ಬಂದದ್ದು ಕಟ್ಟಡದ ಸಾಮಾನು ಇಟ್ಟಿದ್ದ ಸೈಟಿನಿಂದ. ಹಸು ಮೊದಲು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ತಂತಿ ಅಷ್ಟರಲ್ಲಿ ತಳ ಸೇರಿರುತ್ತದೆ.

ಆದ್ದರಿಂದ ನೆಲ ಅಗೆದು ಮೊಳೆ, ತಂತಿ, ಗಾಜು, ಪ್ಲಾಸ್ಟಿಕ್ ಆರಿಸಿ. ಹಗ್ಗಕ್ಕೆ ಒಂದು ದೊಡ್ಡ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆದರೆ ಎಷ್ಟು ಬರುತ್ತದೆಂದು ನೀವೇ ನೋಡುವಿರಿ. ಬ್ಯಾಟರಿ ಅಥವಾ ಗುಜರಿ ಇದ್ದ ಜಾಗವನ್ನು ಕೈಬಿಡಿ, ಬಾಡಿಗೆಯಿಲ್ಲದೆ ಕೊಟ್ಟರೂ ಬೇಡ. ಸೀಸ ತಿಂದ ಕರು ಹಲ್ಲು ಕಡಿಯುತ್ತದೆ, ಕಣ್ಣು ಕಾಣದೆ ಗೋಡೆಗೆ ತಲೆ ಒತ್ತುತ್ತದೆ. ಹಸುವಾದರೆ ಹಾಲಿನಲ್ಲೂ ಸೀಸ ಇಳಿಯುತ್ತದೆ; ಆ ಹಾಲನ್ನು ಕುಡಿಯುವವರಲ್ಲಿ ನಿಮ್ಮ ಮನೆಯ ಮಕ್ಕಳೂ ಇದ್ದಾರೆ.

ಚರಂಡಿ ನೀರು ಹಾಯಿಸಿದ ನೇಪಿಯರ್ ಕಡುಹಸಿರಾಗಿ ಬೆಳೆಯುವುದನ್ನು ನೋಡಿ ಮರುಳಾಗಬೇಡಿ. ಅದರಲ್ಲಿ ನೈಟ್ರೇಟ್ ಕೂಡಿಕೊಂಡು ಹಸುವಿನ ರಕ್ತವನ್ನೇ ಕಂದು ಮಾಡಬಲ್ಲದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವನ್ನಂತೂ ಕೊಯ್ಯಲೇಬೇಡಿ. ಅದರಲ್ಲಿ ಸಹಜವಾಗಿಯೇ ಸೈನೈಡ್ ಹುಟ್ಟುತ್ತದೆ. ತೆನೆ ಬರುವವರೆಗೆ ಕಾಯಿರಿ.

ಮಣ್ಣನ್ನು ಸೈಟಿನ ಐದಾರು ಕಡೆ ಅರ್ಧ ಅಡಿ ಆಳದಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ತನ್ನಿ. ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸದ ಅಂಶ ತಿಳಿಯುವುದಿಲ್ಲ. ಅದನ್ನು ಎಲ್ಲಿ ಮಾಡಿಸಬೇಕೆಂದು ಬೇರೆಯಾಗಿ ಕೇಳಬೇಕು. ಮಾಲೀಕರಿಂದ ಒಂದು ಕಾಗದದ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ. ನೇಪಿಯರ್ ಬುಡ ಮೂರ್ನಾಲ್ಕು ವರ್ಷ ಕೊಯ್ಲಿಗೆ ಬರುತ್ತದೆ, ಮನೆ ಕಟ್ಟುವವರು ಅಷ್ಟು ದಿನ ಕಾಯುವುದಿಲ್ಲ.