ಗಣಕಯಂತ್ರದ ಕಡತ ಮತ್ತು ಅದರ ಉಪಚಾರ

ಕನ್ನಡ ನಾಡಿನ ವರ್ತಕರೂ ಶಾನುಭೋಗರೂ ಹಿಂದೆ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಕಪ್ಪು ಮಾಸಿದರೆ ಮತ್ತೆ ಬಳಿಯುತ್ತಿದ್ದರು. ಆ ಪದವೇ ಮುಂದೆ ಕಚೇರಿಯ ಫೈಲಿಗೆ ಹೆಸರಾಗಿ, ಈಗ ಗಣಕಯಂತ್ರದೊಳಗಿನ ಫೈಲಿಗೂ ಸಲ್ಲುತ್ತಿದೆ. ಹಳೆಯ ಕಡತಕ್ಕೆ ಬೇಕಾಗಿದ್ದ ಉಪಚಾರ ಹೊಸದಕ್ಕೂ ಬೇಕೆಂಬುದನ್ನು ಮಾತ್ರ ಅಂಗಡಿಕಾರರು ಮರೆತಂತೆ ಕಾಣುತ್ತದೆ.

ಇಂದು ಅನೇಕ ಸಣ್ಣ ವ್ಯಾಪಾರಿಗಳ ಲೆಕ್ಕ ಟ್ಯಾಲಿ ಎಂಬ ತಂತ್ರಾಂಶದಲ್ಲಿರುತ್ತದೆ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಪುತ್ರ ಭರತ ಗೋಯೆಂಕಾ ಸ್ಥಾಪಿಸಿದ ಈ ಸಂಸ್ಥೆಗೆ ಬೆಂಗಳೂರೇ ನೆಲೆ. ಹೊಸತರಲ್ಲಿ ಅದು ಕಣ್ಣೆವೆ ಇಕ್ಕುವುದರೊಳಗೆ ವರದಿ ನೀಡುತ್ತದೆ. ಕೆಲವು ವರ್ಷ ಸಂದ ಮೇಲೆ ಅದೇ ವರದಿಗಾಗಿ ಗ್ರಾಹಕನು ಗಲ್ಲೆಯ ಮುಂದೆ ಕಾದು ನಿಲ್ಲಬೇಕಾಗುತ್ತದೆ. ವ್ಯಾಪಾರಿ ಆಗ ಹೊಸ ಯಂತ್ರ ಕೊಳ್ಳುವ ಯೋಚನೆಗೆ ತೊಡಗುತ್ತಾನೆ. ಯಂತ್ರದ ಸ್ಮರಣಶಕ್ತಿ ಸಾಲದೆ ಇರಬಹುದು, ತಿರುಗುವ ಹಳೆಯ ಡಿಸ್ಕಿಗಿಂತ ಎಸ್‌ಎಸ್‌ಡಿ ಶೀಘ್ರಗಾಮಿ ಎಂಬುದೂ ದಿಟ. ಆದರೆ ವೆಚ್ಚಕ್ಕೆ ಮುನ್ನ ನೋಡಬೇಕಾದವು ಬೇರೆ ಇವೆ.

ಮೊದಲನೆಯದು ಕಾವಲುಗಾರನ ಅತಿಶ್ರದ್ಧೆ. ವೈರಸ್ ನಿರೋಧಕ ತಂತ್ರಾಂಶವು ಲೆಕ್ಕದ ಕಡತ ತೆರೆದಾಗಲೆಲ್ಲ ಅದನ್ನು ತಪಾಸಣೆ ಮಾಡತೊಡಗಿದರೆ ಪ್ರತಿ ನಮೂದೂ ತಡವಾಗುತ್ತದೆ. ಟ್ಯಾಲಿಯ ಕೋಶವನ್ನೂ ಅದರ ದತ್ತಾಂಶದ ಕೋಶವನ್ನೂ ಆ ತಪಾಸಣೆಯಿಂದ ಹೊರಗಿಡಬೇಕು. ಕಾವಲನ್ನೇ ಕಿತ್ತುಹಾಕುವುದು ಮೌಢ್ಯ. ಎರಡನೆಯದು ದಾರಿ. ಹಲವರು ಒಂದೇ ಲೆಕ್ಕವನ್ನು ಬಳಸುವಲ್ಲಿ ವೈಫೈಗಿಂತ ತಂತಿಯ ಜಾಲವೇ ಲೇಸು. ಬೇಡದ ಕಂಪನಿಗಳ ಲೆಕ್ಕವನ್ನು ತೆರೆದಿಟ್ಟುಕೊಂಡು ಕೂರುವುದೂ ಯಂತ್ರಕ್ಕೆ ವೃಥಾ ಭಾರ.

ಇವೆಲ್ಲಕ್ಕಿಂತ ಮುಖ್ಯವಾದುದು ವರ್ಷಗಳ ಹೊರೆ. ಪ್ರತಿ ದೀಪಾವಳಿಗೆ ಹೊಸ ವಹಿಗೆ ಪೂಜೆ ಸಲ್ಲಿಸಿ ಹಳೆಯದನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದ ಮನೆತನದವರೇ, ಗಣಕಯಂತ್ರ ಬಂದ ಮೇಲೆ ಹತ್ತು ವರ್ಷದ ವ್ಯವಹಾರವನ್ನು ಒಂದೇ ವಹಿಯಲ್ಲಿ ಮುಂದುವರಿಸುತ್ತಿರುವುದು ಸೋಜಿಗ. ಇದಕ್ಕೆಂದೇ ತಂತ್ರಾಂಶದಲ್ಲಿ ದತ್ತಾಂಶವನ್ನು ವಿಭಜಿಸುವ ಸೌಕರ್ಯವಿದೆ. ಏಪ್ರಿಲ್ 1ನ್ನು ಗಡಿಯಾಗಿ ಕೊಟ್ಟರೆ ಮೂಲವು ಹಾಗೆಯೇ ಉಳಿದು, ಹಿಂದಿನ ಅವಧಿಗೊಂದು, ಮುಂದಿನ ಅವಧಿಗೊಂದು ಎಂದು ಎರಡು ಹೊಸ ಲೆಕ್ಕಗಳು ಹುಟ್ಟುತ್ತವೆ. ಹಿಂದಿನ ಅಖೈರು ಶಿಲ್ಕು ಮುಂದಿನದರ ಆರಂಭ ಶಿಲ್ಕಾಗುತ್ತದೆ. ಆದರೆ ಅವಸರ ಕೂಡದು. ವರ್ಷದ ಲೆಕ್ಕ ಲೆಕ್ಕಪರಿಶೋಧಕರ ಕೈದಾಟಿರಬೇಕು. ಸರಕು ಬಂದು ಬಿಲ್ಲು ಬಾರದ ಬಾಬುಗಳನ್ನು ಸರಿಪಡಿಸಿರಬೇಕು. ವಿಭಜನೆಗೆ ಮುನ್ನ ತಂತ್ರಾಂಶವೇ ನಡೆಸುವ ಪರಿಶೀಲನೆ ತೋರಿದ ದೋಷಗಳನ್ನು ನೀಗಿಕೊಂಡಿರಬೇಕು. ಬಳಿಕ ಎರಡೂ ಕಡೆಯ ತಾಳೆಪಟ್ಟಿಗಳನ್ನು ಹೋಲಿಸಿ ನೋಡದೆ ಹೊಸದರಲ್ಲಿ ಒಂದು ಅಂಕಿಯನ್ನೂ ಬರೆಯಬಾರದು.

ವಿದ್ಯುತ್ತು ಹಠಾತ್ತನೆ ನಿಂತಾಗ ಕಡತ ಭಗ್ನವಾಗುವುದುಂಟು. ಅದಕ್ಕಾಗಿಯೇ ಯುಪಿಎಸ್ ಅವಶ್ಯ. ಭಗ್ನವಾದುದನ್ನು ಸರಿಪಡಿಸಲು ಹಿಂದಿನ ಆವೃತ್ತಿಯಲ್ಲಿ ‘ರಿರೈಟ್’ ಎಂಬ ಕ್ರಮವಿತ್ತು, 2020ರಲ್ಲಿ ಬಂದ ಟ್ಯಾಲಿಪ್ರೈಮ್‌ನಲ್ಲಿ ಅದು ‘ರಿಪೇರ್’ ಎನಿಸಿಕೊಂಡಿದೆ. ಕಡತಕ್ಕೆ ಮತ್ತೆ ಕಪ್ಪು ಬಳಿಯುವಂತಹ ಕಾರ್ಯವಿದು. ಆದರೆ ಪ್ರತಿ ತೆಗೆದಿಡದೆ ಇದಕ್ಕೆ ಕೈಹಚ್ಚಿದರೆ ಇದ್ದ ಅಕ್ಷರವೂ ಹೋಗುವ ಅಪಾಯವಿದೆ.

ಲಘುವಾಗಲೆಂದು ಹಳೆಯ ನಮೂದುಗಳನ್ನೇ ಅಳಿಸುವವರಿದ್ದಾರೆ. ಇದು ಸಲ್ಲದು. ಕಂಪನಿ ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷ ಕಾಪಾಡಬೇಕು. ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ವಿವರಣ ಪತ್ರ ಸಲ್ಲಿಸುವ ಗಡುವಿನಿಂದ 72 ತಿಂಗಳು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ಉಳಿಸಬೇಕೆಂಬ ನಿಯಮ ಜಾರಿಯಲ್ಲಿದೆ. ಆದುದರಿಂದ ವಿಭಜನೆಯ ನಂತರವೂ ಮೂಲದ ಎರಡು ಪ್ರತಿಗಳಿರಬೇಕು. ಒಂದು ಪ್ರತಿ ಅಂಗಡಿಯಲ್ಲಿರಲಿ, ಇನ್ನೊಂದು ಅಂಗಡಿಯ ಬೀಗಕ್ಕೆ ಹೊರತಾದ ಬೇರೆಡೆಯಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಅವನ್ನು ತೆರೆದು ಓದಿಬರುತ್ತವೆಯೇ ಎಂದು ನೋಡತಕ್ಕದ್ದು.